ನಾಳೆ ಬಾಳೆಯಾದ ದಿನಗಳು

ಆ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಯಶವಂತಪುರದ ಒಂದು ಪುಟ್ಟ ಪ್ರಕಾಶನದಲ್ಲಿ ಕರಡು ತಿದ್ದುವ ಮೇಡಂ ಆ ಕಡೆಯಿಂದ ನಗುತ್ತಿದ್ದರು.

"ಏನ್ರೀ, ಕಾದಂಬರಿ ಹುಡುಗ ಆ ಹುಡುಗೀಗೆ 'ಬಾಳೆ ಖಂಡಿತ ಬರ್ತೀನಿ, ಕಾಯ್ತಿರು' ಅಂತಾನಲ್ಲ, ಯಾವ ಬಾಳೆ? ಪಚ್ಚಬಾಳೆನೋ ಏಲಕ್ಕಿನೋ?"

ನಾನೂ ನಕ್ಕೆ. ಕೀಬೋರ್ಡಿನಲ್ಲಿ ನ ಮತ್ತು ಬ ಅಕ್ಕಪಕ್ಕದ ಮನೆಯವು. ಬೆರಳು ಒಂದಿಷ್ಟು ಜಾರಿದರೆ ನಾಳೆ ಬಾಳೆಯಾಗುತ್ತದೆ. ತಿದ್ದಿ ಕಳಿಸ್ತೀನಿ ಮೇಡಂ ಅಂದು ಫೋನಿಟ್ಟು ಮತ್ತೆ ಸೊಪ್ಪಿಗೆ ಕೈ ಹಾಕಿದೆ.

ಲೇಖಕರು ಕೈಯಲ್ಲಿ ಬರೆದು ಕೊಟ್ಟದ್ದನ್ನು ಕಂಪ್ಯೂಟರಿಗೆ ಏರಿಸಿ ಪುಟ ಕಟ್ಟಿ ಕೊಡುವುದು ನನ್ನ ಕೆಲಸ. ಮದುವೆಯಾಗಿ ಅಬ್ಬಿಗೆರೆಯಿಂದ ಇಲ್ಲೇ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ ಹಳ್ಳಿಗೆ ಬಂದ ಮೇಲೆ ಕಲಿತದ್ದು. ಗಂಡನ ಮನೆಯವರ ರಾಗಿ ಹೊಲ ಬಡಾವಣೆಯಾಗಿ, ಉಳಿದ ತುಂಡಿನಲ್ಲಿ ನಾವು ಮನೆ ಕಟ್ಟಿ ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಯಜಮಾನರು ಮರಳು, ಜಲ್ಲಿ ಸಪ್ಲೈ ಮಾಡುತ್ತಾರೆ. ನಾನು ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಟೈಪು ಮಾಡುತ್ತೇನೆ. ಕಿಟಕಿಯಿಲ್ಲದ ಕೋಣೆ, ಬೇಸಿಗೆಯಲ್ಲಿ ಕುದಿಯುತ್ತದೆ. ಪಕ್ಕದ ಸೈಟಿನಲ್ಲಿ ಸದಾ ಯಾರದಾದರೂ ಮನೆ ಏಳುತ್ತಿರುವುದರಿಂದ ಮೇಜಿನ ಮೇಲೆ ಎಷ್ಟು ಒರೆಸಿದರೂ ಸಿಮೆಂಟಿನ ಪುಡಿ.

ಎರಡನೆಯ ಕಂತಿನ ಪುಟಗಳು ಹೋದ ಮೇಲೆ ಮೇಡಂ ಮತ್ತೆ ಫೋನು ಮಾಡಿದರು. ಈ ಸಲ ನಗಲಿಲ್ಲ.

"'ಇಡೀ ಶೋಕಕ್ಕೇ ಗೊತ್ತು' ಅಂತ ಇದೆ. ಲೋಕ ಅಲ್ವಾ?"

"ಹೌದು ಮೇಡಂ, ಲೋಕ."

"ಇನ್ನೊಂದು ಕಡೆ 'ಬಾನು ಒಬ್ಬಳೇ ಹೊರಟೆ' ಅಂತಿದೆ. ನಾನು ಇರಬೇಕು. ಹುಷಾರಾಗಿದೀರ ತಾನೆ?"

ಹುಷಾರಾಗಿದೀನಿ ಅಂದೆ. ಫೋನಿಟ್ಟ ಮೇಲೆ ಕೀಬೋರ್ಡಿನ ಮುಂದೆ ಕೂತು ಎರಡೂ ಕೈ ಅದರ ಮೇಲಿಟ್ಟುಕೊಂಡು ನೋಡಿದೆ. ಲ ಇರುವುದು ಬಲಗೈಯ ಕಡೆ. ಶ ಇರುವುದು ಎಡಗೈಯ ಕಡೆ, ಅದೂ ಶಿಫ್ಟ್ ಒತ್ತಿ ಹಿಡಿದರೆ ಮಾತ್ರ. ಬೆರಳು ಎಷ್ಟೇ ಜಾರಿದರೂ ಅಲ್ಲಿಂದ ಇಲ್ಲಿಗೆ ಜಾರುವುದಿಲ್ಲ. ಲೋಕ ಅಂದುಕೊಂಡು ಶೋಕ ಬರೆಯಬೇಕಾದರೆ ತಪ್ಪು ಬೆರಳಿನಲ್ಲಿರಲು ಸಾಧ್ಯವಿಲ್ಲ.

ಆ ಮಧ್ಯಾಹ್ನ ಮೊದಲ ಸಲ ನನಗೆ ಹೆದರಿಕೆಯಾಯಿತು.

ನನ್ನಮ್ಮನಿಗೆ ಶುರುವಾದದ್ದೂ ಹೀಗೇ. ಒಂದು ಮಾತಿನ ಜಾಗದಲ್ಲಿ ಇನ್ನೊಂದು ಮಾತು. "ಒಲೆ ಮೇಲೆ ಚಪ್ಪಲಿ ಇಟ್ಟಿದೀನಿ, ಉಕ್ಕೋ ಹಂಗಿದೆ ನೋಡು" ಅಂದಿದ್ದಳು ಒಂದು ಬೆಳಿಗ್ಗೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಅವಳೂ ನಕ್ಕಳು. ಆಮೇಲೆ ಅಂಥ ಮಾತುಗಳು ದಿನಾ ಬರತೊಡಗಿ ನಗು ನಿಂತಿತು. ಹುಟ್ಟಿ ಬೆಳೆದ ಅಬ್ಬಿಗೆರೆಯಲ್ಲೇ ಬಸ್ ಸ್ಟಾಪಿನಿಂದ ಮನೆಗೆ ದಾರಿ ತಪ್ಪಿ, ಯಾರದೋ ಜಗುಲಿ ಮೇಲೆ ಕೂತು ಅಳುತ್ತಿದ್ದವಳನ್ನು ಅಣ್ಣ ಕರೆದುಕೊಂಡು ಬಂದ. ಕೊನೆಯ ವರ್ಷಗಳಲ್ಲಿ ನನ್ನನ್ನು ಅಮ್ಮ ಅಂತ ಕರೆಯುತ್ತಿದ್ದಳು. ತೀರಿಕೊಂಡು ಬಹಳ ಕಾಲವಾಯಿತು. ಆದರೆ ಅವಳಿಗೆ ಅದು ಶುರುವಾದ ವಯಸ್ಸು ನನಗೆ ನೆನಪಿತ್ತು. ಈಗ ನನಗೂ ಅದೇ ವಯಸ್ಸು.

ಯಜಮಾನರಿಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಬದಲಿಗೆ ಕೆಲಸದಲ್ಲಿ ಎಚ್ಚರ ಹೆಚ್ಚಿಸಿದೆ. ಒಂದೊಂದು ಪುಟ ಮುಗಿದ ಕೂಡಲೇ ಪ್ರಿಂಟು ತೆಗೆದು, ಸಾಲಿನ ಕೆಳಗೆ ಸ್ಕೇಲಿಟ್ಟುಕೊಂಡು, ಬಾಯಿಬಿಟ್ಟು ಓದುತ್ತಿದ್ದೆ. ಸರಿಯಿದೆ ಅಂತ ಖಾತ್ರಿಯಾದ ಮೇಲೆಯೇ ಮುಂದಿನ ಪುಟ. ಹಾಗೆ ಒಂದು ಅಧ್ಯಾಯ ಪೂರ್ತಿ ಮುಗಿಸಿದೆ. ಒಂದೇ ಒಂದು ತಪ್ಪಿರಲಿಲ್ಲ. ಅವತ್ತು ಸಮಾಧಾನವಾಗಿ ನಿದ್ದೆ ಬಂತು.

ಅದೇ ವಾರ ಆ ಅಧ್ಯಾಯದ ಕೊನೆಗೆ ಲೇಖಕರು ಕಳಿಸಿದ್ದ ಒಂದು ಸಣ್ಣ ಸೇರ್ಪಡೆ ಮಾಡಬೇಕಿತ್ತು. ಫೈಲು ತೆರೆದೆ, ಸೇರಿಸಿದೆ, ಉಳಿಸಿದೆ. ಮಾರನೆಯ ದಿನ ಯಾವುದಕ್ಕೂ ಇರಲಿ ಅಂತ ಮತ್ತೆ ತೆರೆದು ಮೊದಲಿಂದ ಓದುತ್ತ ಬಂದೆ. ನಡುವೆ ಎಲ್ಲೋ, ಸೊಸೆ ಅಡುಗೆಮನೆಯಲ್ಲಿರುವ ಕಡೆ, ಹೀಗಿತ್ತು: "ಅವಳು ಮಾತ್ರೆ ತೊಳೆದು ಬೋರಲು ಹಾಕಿದಳು."

ಪಾತ್ರೆ. ಅದು ಪಾತ್ರೆ ಆಗಿತ್ತು. ನಾನು ಬಾಯಿಬಿಟ್ಟು ಓದಿದ್ದೆ.

ಮೊದಲು ತೆಗೆದಿಟ್ಟಿದ್ದ ಪ್ರಿಂಟನ್ನು ಹುಡುಕಿ ತಂದೆ. ಕಾಗದದ ಮೇಲೆ ಪಾತ್ರೆ ಅಂತಲೇ ಇತ್ತು. ಪರದೆಯ ಮೇಲೆ ಮಾತ್ರೆ. ಆ ಪುಟವನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಮನೆಯಲ್ಲಿ ಆ ಕಂಪ್ಯೂಟರನ್ನು ನನ್ನ ಬಿಟ್ಟು ಯಾರೂ ಆನ್ ಕೂಡ ಮಾಡುವುದಿಲ್ಲ. ಅಂದರೆ ನಾನೇ ಆ ಪುಟಕ್ಕೆ ಹೋಗಿದ್ದೇನೆ, ನಾನೇ ಸರಿಯಿದ್ದ ಮಾತನ್ನು ಅಳಿಸಿ ತಪ್ಪು ಮಾತು ಬರೆದಿದ್ದೇನೆ, ಹಾಗೆ ಮಾಡಿದ್ದು ನನಗೆ ನೆನಪಿಲ್ಲ. ಬೇರೆ ಯಾವ ವಿವರಣೆಯೂ ನನಗೆ ಹೊಳೆಯಲಿಲ್ಲ. ಯಂತ್ರದ ಮೇಲೆ ಅನುಮಾನ ಬರಲೇ ಇಲ್ಲ. ಕೆಟ್ಟ ಯಂತ್ರ ಅಂದರೆ ನನ್ನ ಲೆಕ್ಕದಲ್ಲಿ ಆನ್ ಆಗದ ಯಂತ್ರ ಅಷ್ಟೇ. ಅದು ಒಂದಕ್ಷರ ಬದಲಿಸಿ ಸುಮ್ಮನೆ ಕೂರುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ?

ಕೋಣೆಯಿಂದ ಎದ್ದು ಬಂದು ಹಿತ್ತಲ ಕಲ್ಲಿನ ಮೇಲೆ ಕೂತೆ. ಪಕ್ಕದ ಸೈಟಿನಲ್ಲಿ ಕಬ್ಬಿಣ ಬಗ್ಗಿಸುತ್ತಿದ್ದರು. 

ಅಲ್ಲಿಂದ ಮುಂದೆ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುವ ಚಟ ಹತ್ತಿತು. ಹಲ್ಲುಜ್ಜುತ್ತ ಹದಿನೇಳರ ಮಗ್ಗಿ ಹೇಳಿಕೊಳ್ಳುವುದು. ನಾದಿನಿಯರ ಮಕ್ಕಳ ಹುಟ್ಟಿದ ಹಬ್ಬಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವುದು. ಗಮನಿಸುತ್ತ ಹೋದಂತೆ ಇನ್ನೊಂದು ಸಂಗತಿ ಕಂಡಿತು. ಬೆಳಿಗ್ಗೆ ಮಾಡಿದ ಕೆಲಸದಲ್ಲಿ ತಪ್ಪು ಬಹಳ ಕಡಿಮೆ. ಬಿಸಿಲೇರಿ ಕೋಣೆ ಕಾದ ಮೇಲೆ ಮಾಡಿದ್ದರಲ್ಲೇ ಹೆಚ್ಚು. ಅಮ್ಮನೂ ಬೆಳಿಗ್ಗೆ ಸರಿಯಾಗಿರುತ್ತಿದ್ದಳು, ಹೊತ್ತೇರಿದಂತೆ ಹದ ತಪ್ಪುತ್ತಿದ್ದಳು. ಇದು ಗೊತ್ತಾದ ಮೇಲೆ ನನಗೆ ಮಧ್ಯಾಹ್ನ ಆಗುವುದೆಂದರೇ ಭಯ. 

ಹೆದರಿಕೆ ಹೆಚ್ಚಾದಂತೆ ನಿಜವಾದ ಮರೆವೂ ಬಂತು. ವಿದ್ಯಾರಣ್ಯಪುರದಲ್ಲಿ ಬಸ್ಸು ಹತ್ತಿ ಯಶವಂತಪುರಕ್ಕೆ ಹೋಗುವಾಗ, ದಾರಿಯ ಸ್ಟಾಪುಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಕೊಳ್ಳುತ್ತ ಕೂತಿದ್ದೆ. ಒಂದರ ಹೆಸರು ಸಿಗಲಿಲ್ಲ. ಅದನ್ನು ಹುಡುಕುತ್ತ ಹುಡುಕುತ್ತ ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋಗಿಬಿಟ್ಟೆ. ಇಳಿದ ಕಡೆ ಒಂದು ಮೆಟ್ರೋ ಕಂಬದ ಕೆಳಗೆ ನಿಂತು ಎಡಕ್ಕೋ ಬಲಕ್ಕೋ ತಿಳಿಯದೆ ಒದ್ದಾಡಿದೆ. ಬೇರೆ ದಿನವಾಗಿದ್ದರೆ ಆಟೋ ಹಿಡಿದು ಹಿಂದಕ್ಕೆ ಹೋಗುತ್ತಿದ್ದೆ, ಸಂಜೆಗೆ ಮರೆತೂ ಬಿಡುತ್ತಿದ್ದೆ. ಅವತ್ತು ಮಾತ್ರ ಯಾರದೋ ಜಗುಲಿಯ ಮೇಲೆ ಕೂತ ಅಮ್ಮ ಕಣ್ಣ ಮುಂದೆ ಬಂದಳು.

ಮನೆಗೆ ಬಂದಾಗ ಯಜಮಾನರು ಹೊರಗೆ ಸ್ಕೂಟರು ಒರೆಸುತ್ತಿದ್ದರು. ನನ್ನ ಮುಖ ನೋಡಿ ಬಟ್ಟೆ ಕೆಳಗಿಟ್ಟರು.

"ಏನಾಗೈತೆ ನಿಂಗೆ? ತಿಂಗಳಿಂದ ನೋಡ್ತಾ ಇವ್ನಿ."

ಹೇಳಿಬಿಟ್ಟೆ. ನಾಳೆ ಬಾಳೆಯಾದದ್ದು, ಲೋಕ ಶೋಕವಾದದ್ದು, ಪಾತ್ರೆ ಮಾತ್ರೆಯಾದದ್ದು, ಬಸ್ಸು.  ನಾನು ಮುಗಿಸಿದ ಮೇಲೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.

"ಅತ್ತೆಮ್ಮಂಗೆ ಆಗಿದ್ದು ನಿಂಗೂ ಆಗ್ಬೇಕು ಅಂತೇನಿಲ್ಲ" ಅಂದರು. ಕೆಳಗಿಟ್ಟಿದ್ದ ಬಟ್ಟೆ ಎತ್ತಿಕೊಳ್ಳುತ್ತ, "ನಾಳೆ ಆಸ್ಪತ್ರೆಗೆ ಓಗಾನ" ಅಂದರು. ಅವರ ಧ್ವನಿ ಕೇಳಿದರೆ ಅವರಿಗೂ ಧೈರ್ಯವಿಲ್ಲ ಅಂತ ಗೊತ್ತಾಗುತ್ತಿತ್ತು.

ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರರೋಗದ ಡಾಕ್ಟರು ಇದ್ದರು. ನನಗಿಂತ ಚಿಕ್ಕವರು, ನಿಧಾನವಾಗಿ ಮಾತಾಡುವವರು. ಗುಲಾಬಿ, ಬೀಗ, ರೈಲು ಎಂಬ ಮೂರು ಮಾತು ಹೇಳಿ, ಆಮೇಲೆ ಕೇಳ್ತೀನಿ ನೆನಪಿಟ್ಕೊಳ್ಳಿ ಅಂದರು. ಗಡಿಯಾರದ ಚಿತ್ರ ಬರೆದು ಮುಳ್ಳು ಇಡಿಸಿದರು. ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ಕಳೆಯುತ್ತಿರುವಾಗ ಮನಸ್ಸೆಲ್ಲ ಗುಲಾಬಿ, ಬೀಗ, ರೈಲನ್ನು ಅವುಚಿಕೊಂಡಿತ್ತು. ಕೇಳಿದಾಗ ಮೂರನ್ನೂ ಹೇಳಿದೆ. ಅವರು ತಲೆಯಾಡಿಸಿದರು.

"ಇದರಲ್ಲಿ ಏನೂ ತೊಂದರೆ ಕಾಣ್ತಿಲ್ಲ. ಆದರೆ ತಾಯಿಗೆ ಚಿಕ್ಕ ವಯಸ್ಸಲ್ಲೇ ಶುರುವಾಗಿತ್ತು ಅಂತೀರಿ. ನೀವು ಹೇಳೋ ತಪ್ಪುಗಳೂ ಸ್ವಲ್ಪ ವಿಚಿತ್ರವಾಗಿವೆ. ಒಂದು ಸ್ಕ್ಯಾನ್ ಮಾಡಿಸಿಬಿಡೋಣ."

ಸ್ಕ್ಯಾನಿಗೆ ಮುಂದಿನ ವಾರ ಬರಲು ಹೇಳಿದರು. ವಾಪಸು ಬರುವಾಗ ಮೇಲ್ಸೇತುವೆ ಮೇಲೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಸ್ಕೂಟರಿನ ಹಿಂದೆ ಕೂತು ಕೆಳಗೆ ಕೆರೆ ನೋಡುತ್ತಿದ್ದೆ. ವಿಚಿತ್ರ ಅನ್ನುವ ಮಾತೊಂದೇ ತಲೆಯಲ್ಲಿತ್ತು. ಡಾಕ್ಟರಿಗೇ ವಿಚಿತ್ರ ಅನ್ನಿಸಿದ್ದು ಎಂಥದ್ದಿರಬೇಕು?

ಆ ವಾರ ನಾನು ಟೈಪು ಮಾಡಲಿಲ್ಲ. ಕೋಣೆಯ ಬಾಗಿಲು ಎಳೆದುಕೊಂಡು ಹೊರಗೇ ಇದ್ದೆ.

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವವರು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಲೆಕ್ಚರರ್. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾರೆ. ಶನಿವಾರ ಮಧ್ಯಾಹ್ನ ಪೆನ್‌ಡ್ರೈವ್ ಹಿಡಿದುಕೊಂಡು ಕೆಳಗೆ ಬಂದರು.

"ಆಂಟಿ, ಒಂದೇ ಒಂದು ಪ್ರಿಂಟ್. ಲ್ಯಾಬ್ ಬಾಗಿಲಿಗೆ ಅಂಟಿಸೋ ನಿಯಮಗಳು."

ಬೇಡ ಅನ್ನಲಾಗಲಿಲ್ಲ. ಯಂತ್ರ ಆನ್ ಮಾಡಿ ಕೊಟ್ಟು ಬಾಗಿಲಲ್ಲಿ ನಿಂತೆ. ಅವರೇ ಕೂತು ಫೈಲು ತೆರೆದು ಪ್ರಿಂಟು ಕೊಟ್ಟರು, ಅಷ್ಟರಲ್ಲಿ ಅವರ ಫೋನು ಬಂತು. ಕಾಗದ ಕೈಯಲ್ಲಿ ಹಿಡಿದು ಮಾತಾಡುತ್ತ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿದು ಬಂದರು. ನಗು ತಡೆಯಲಾರದೆ ಕಾಗದವನ್ನು ನನ್ನ ಮುಂದೆ ಹಿಡಿದರು.

"ಇಲ್ನೋಡಿ ಆಂಟಿ. 'ಬೀರಿನ ಬಾಟಲಿ ಲ್ಯಾಬಿನೊಳಗೆ ತರಬಾರದು.' ನಾನು ನೀರಿನ ಬಾಟಲಿ ಅಂತ ಬರೆದಿದ್ದು. ಇದನ್ನ ಅಂಟಿಸಿದ್ರೆ ಪ್ರಿನ್ಸಿಪಾಲರು ನನ್ನ ಮನೆಗೆ ಕಳಿಸ್ತಾರೆ."

 ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವರು ಬೆನ್ನು ತಿರುಗಿಸಿದಾಗ ನಾನು ಮುಟ್ಟಿರಬೇಕು ಅಂತಲೇ ಮೊದಲು ಅನ್ನಿಸಿದ್ದು.

"ನಾನು ಮುಟ್ಟಿಲ್ಲ" ಅಂದೆ. "ಮುಟ್ಟಿದ್ರೂ ನಂಗೆ ನೆನಪಿಲ್ಲ."

ಅವರ ನಗು ನಿಂತಿತು. "ಏನಾಯ್ತು ಆಂಟಿ? ನೀವ್ಯಾಕೆ ಮುಟ್ತೀರ? ನಾನೇ ಇಲ್ಲಿ ಕೂತಿದ್ನಲ್ಲ. ನೀವು ಬಾಗಿಲಲ್ಲೇ ನಿಂತಿದ್ರಿ."

"ನಿಜವಾಗ್ಲೂ ಬಾಗಿಲಲ್ಲೇ ನಿಂತಿದ್ನಾ?"

ಅವರು ನನ್ನ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ. ಅಮ್ಮನ ವಿಷಯವನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ನನ್ನ ಕಡೆ ನೋಡುವುದನ್ನು ಬಿಟ್ಟು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬದ ಕಡೆ ನೋಡತೊಡಗಿದರು.

"ಒಂದು ನಿಮಿಷ ಆಂಟಿ" ಅಂದು ಪೆನ್‌ಡ್ರೈವ್ ಚುಚ್ಚಿ ಅದೇ ಫೈಲನ್ನು ಮತ್ತೆ ತೆರೆದರು. ನೀರಿನ ಬಾಟಲಿ ಅಂತ ಸರಿಯಾಗಿತ್ತು. ಮುಚ್ಚಿ ಇನ್ನೊಮ್ಮೆ ತೆರೆದರು. ಸರಿಯಾಗಿತ್ತು.  ಯಂತ್ರಕ್ಕೆ ಹೊರೆ ಹೆಚ್ಚಲಿ ಅಂತ ನನ್ನ ದೊಡ್ಡ ಕಾದಂಬರಿಯ ಫೈಲನ್ನೂ ಜೊತೆಗೆ ತೆರೆದಿಟ್ಟು, ಮತ್ತೆ ಮತ್ತೆ ಆ ನಿಯಮಗಳ ಹಾಳೆಯನ್ನು ತೆರೆದು ಮುಚ್ಚಿ ಮಾಡಿದರು. ಒಂದು ಸಲ ಥಟ್ಟನೆ ಕೈ ನಿಲ್ಲಿಸಿದರು. ಈ ಸಲ ನೀರು ಸರಿಯಾಗಿತ್ತು. ಕೆಳಗಿನ ಸಾಲಿನಲ್ಲಿ "ಪಾದರಕ್ಷೆ ಹೊರಗೆ ಬಿಡಿ" ಅಂತಿರಬೇಕಾದದ್ದು "ಮಾದರಕ್ಷೆ" ಆಗಿತ್ತು.

ಇಬ್ಬರ ಕಣ್ಣೆದುರೇ ಆಯಿತು. ಯಾರ ಬೆರಳೂ ಕೀಬೋರ್ಡಿನ ಮೇಲಿರಲಿಲ್ಲ.

"ಪೆನ್‌ಡ್ರೈವಲ್ಲಿರೋ ಫೈಲು ಸರಿಯಾಗಿದೆ ಆಂಟಿ. ಅಲ್ಲಿಂದ ಎತ್ಕೊಂಡು ಬಂದು ಇಡೋ ಜಾಗ ಕೆಟ್ಟಿದೆ. ಮೆಮೊರಿ. ರ‍್ಯಾಮ್."

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನನ್ನು ಸಮಾಧಾನ ಮಾಡಲು ಏನೋ ಹೇಳುತ್ತಿದ್ದಾರೆ ಅನ್ನಿಸಿತು. ಅಮ್ಮನಿಗೂ ನಾವು ಹಾಗೇ ಹೇಳುತ್ತಿದ್ದೆವು, ಎಲ್ಲರಿಗೂ ಮರೆವು ಇರುತ್ತಮ್ಮ ಅಂತ.

ಅವರು ಮೇಲೆ ಹೋಗಿ ಇನ್ನೊಂದು ಪೆನ್‌ಡ್ರೈವ್ ತಂದರು. ಅದರಿಂದ ಕಂಪ್ಯೂಟರನ್ನು ಶುರುಮಾಡಿದಾಗ ಎಂದಿನ ಪರದೆ ಬರಲಿಲ್ಲ. ಬರೀ ಅಕ್ಷರ, ಅಂಕಿ ಓಡುವ ಪರದೆ ಬಂತು. "ಇದು ಮೆಮೊರಿಯ ಒಂದೊಂದು ಮನೆಗೂ ಏನಾದ್ರೂ ಬರೆಯತ್ತೆ, ಆಮೇಲೆ ಹೋಗಿ ಓದತ್ತೆ. ಬರೆದದ್ದೇ ಸಿಕ್ಕಿದ್ರೆ ಸರಿ. ಬೇರೆ ಏನಾದ್ರೂ ಸಿಕ್ಕಿದ್ರೆ ಕೆಂಪಲ್ಲಿ ತೋರಿಸತ್ತೆ."

ಕಾಯುತ್ತ ಕೂತೆವು. ಅಷ್ಟು ಹೊತ್ತೂ ಪರದೆ ಶುದ್ಧವಾಗಿತ್ತು. ಕೆಂಪು ಬರಲಿ ಅಂತ ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಬರದಿದ್ದರೆ ಯಂತ್ರ ಸರಿಯಿದೆ ಅಂತಾಗುತ್ತದೆ. ಆಗ ಉಳಿಯುವುದು ನಾನು.

ಕೋಣೆ ಕಾಯುತ್ತ ಬಂತು. ಲೆಕ್ಚರರ್ ದುಪಟ್ಟಾದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಒಂದು ಕೆಂಪು ಸಾಲು ಮೂಡಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ ಇಳಿದು ಬಂದು ಪರದೆಯ ಕೆಳಗಿನ ಅರ್ಧ ತುಂಬಿತು. ನಾನು ಅವರ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಅನ್ನುವುದು ಅವರು ಮೆಲ್ಲಗೆ ಬಿಡಿಸಿಕೊಂಡಾಗ ಗೊತ್ತಾಯಿತು.

ಕರೆಂಟು ತೆಗೆದು ಡಬ್ಬದ ಪಕ್ಕದ ತಗಡು ಬಿಚ್ಚಿದರು. ಒಳಗೆ ಸಿಮೆಂಟಿನ ಪುಡಿ ಬೂದಿಯ ಹಾಗೆ ಕೂತಿತ್ತು. ಇಷ್ಟು ವರ್ಷ ಅದರ ಮುಂದೆ ಕೂತಿದ್ದರೂ ಒಳಗೆ ಏನಿದೆ ಅಂತ ನಾನು ನೋಡಿರಲಿಲ್ಲ. ದೊಡ್ಡ ಹಸಿರು ಹಲಗೆಯ ಮೇಲೆ ಫ್ಯಾನಿನ ಕೆಳಗೆ ಕೂತಿದ್ದು ಪ್ರೊಸೆಸರ್, ಲೆಕ್ಕವೆಲ್ಲ ಮಾಡುವುದು ಅದು. ಮೂಲೆಯಲ್ಲಿದ್ದ ಚಪ್ಪಟೆ ಡಬ್ಬಿ ಡಿಸ್ಕು. ಪ್ರೊಸೆಸರಿನ ಪಕ್ಕದಲ್ಲಿ ಸ್ಕೇಲಿನಷ್ಟು ಉದ್ದದ ಎರಡು ಪಟ್ಟಿಗಳು ನೆಟ್ಟಗೆ ನಿಂತಿದ್ದವು. ಅವೇ ರ‍್ಯಾಮು.

"ಡಿಸ್ಕು ಅಟ್ಟ ಇದ್ದ ಹಾಗೆ ಆಂಟಿ" ಅಂದರು. "ಕರೆಂಟ್ ಹೋದ್ರೂ ಅಲ್ಲಿಟ್ಟಿದ್ದು ಅಲ್ಲೇ ಇರತ್ತೆ. ಆದ್ರೆ ಅಟ್ಟದ ಮೇಲೆ ಕೂತು ಯಾರೂ ಅಡುಗೆ ಮಾಡಲ್ಲ. ನೀವು ಫೈಲು ತೆರೆದಾಗ ಅಲ್ಲಿಂದ ಅಕ್ಕಿ ಇಳಿಸಿ ಈ ಕಟ್ಟೆ ಮೇಲೆ ಹಾಕ್ಕೋತೀರ. ಈ ಕಟ್ಟೆ ಮೇಲೆ ಕಲ್ಲು ಸೇರ್ಕೋತಿದೆ. ನೀವು ಉಳಿಸಿದಾಗ ಕಲ್ಲು ಸಮೇತ ವಾಪಸು ಅಟ್ಟಕ್ಕೆ ಹೋಗತ್ತೆ."

"ನಾನು ಓದಿ ಸರಿ ಮಾಡಿದ್ದ ಪುಟದಲ್ಲೂ?"

"ಅದರಲ್ಲೂ. ನೀವು ಕೊನೇ ಪುಟ ತಿದ್ದಕ್ಕೆ ತೆರೆದ್ರೂ ಮೊದಲ್ನೇ ಪುಟಾನೂ ಇಳಿದು ಬಂದಿರತ್ತಲ್ಲ."

ಒಂದು ಪಟ್ಟಿಯನ್ನು ಎಳೆದು ತೆಗೆದು ಕೈಯಲ್ಲಿಟ್ಟರು. ಉಗುರಿನಷ್ಟು ದೊಡ್ಡ ಕಪ್ಪು ಚಿಪ್ಪುಗಳು. ಒಂದೊಂದರಲ್ಲೂ ಎಣಿಸಲಾಗದಷ್ಟು ಪುಟ್ಟ ಮನೆಗಳಿವೆಯಂತೆ. ಒಂದು ಮನೆಯಲ್ಲಿ ಚೂರು ವಿದ್ಯುತ್ತು ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ತುಂಬಿಟ್ಟದ್ದು ತಾನಾಗಿ ಸೋರಿಹೋಗುತ್ತಲೇ ಇರುತ್ತದಂತೆ. ಅದಕ್ಕೇ ಯಂತ್ರ ಕ್ಷಣಕ್ಷಣಕ್ಕೂ ಎಲ್ಲ ಮನೆಗಳನ್ನೂ ಸುತ್ತಿ ಬಂದು, ತುಂಬಿದ್ದದ್ದನ್ನು ಮತ್ತೆ ತುಂಬುತ್ತದೆ. ಕಾವು ಹೆಚ್ಚಾದರೆ ಸೋರುವುದೂ ಹೆಚ್ಚು, ಕೆಟ್ಟ ಮನೆಗಳ ಹುಳುಕು ಆಗಲೇ ಹೊರಬೀಳುವುದು. ಮಧ್ಯಾಹ್ನದ ಲೆಕ್ಕ ನನಗೆ ಅರ್ಥವಾಯಿತು.

"ಆದ್ರೆ ಯಾಕೆ ನ ಹೋಗಿ ಬ ಆಗ್ಬೇಕು? ಬೇರೆ ಏನಾದ್ರೂ ಯಾಕಾಗಲ್ಲ?" ಅಂದೆ. ನನಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಅವರು ಕೆಟ್ಟ ಪ್ರಿಂಟಿನ ಹಿಂಬದಿಯಲ್ಲಿ ಚೌಕ ಚೌಕವಾಗಿ ಗೆರೆ ಎಳೆದರು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ, ಆ ಸಂಖ್ಯೆಯನ್ನು ತುಂಬಿದ ಮನೆ, ಖಾಲಿ ಮನೆಗಳಾಗಿ ಬರೆದಿಡುತ್ತಾರೆ ಅಂದು, ಫೋನಿನಲ್ಲಿ ನೋಡಿಕೊಂಡು ನ ಬರೆದರು. ಅದರ ಕೆಳಗೆ ಬ ಬರೆದರು. ಎರಡೂ ಸಾಲು ಒಂದೇ ಥರ ಇದ್ದವು, ಬಲದಿಂದ ಮೂರನೆಯ ಮನೆಯೊಂದನ್ನು ಬಿಟ್ಟು. ನ ಅಕ್ಷರದಲ್ಲಿ ಅದು ಖಾಲಿ, ಬ ಅಕ್ಷರದಲ್ಲಿ ತುಂಬಿದೆ. ಪ ಬರೆದರು, ಮ ಬರೆದರು. ಅಲ್ಲೂ ಅದೊಂದೇ ವ್ಯತ್ಯಾಸ. ಲ ಮತ್ತು ಶ ಬರೆಯುವಾಗ ನಾನು ಕಾಗದದ ಮೇಲೆ ಬಗ್ಗಿಬಿಟ್ಟಿದ್ದೆ. ಅದೇ ಮನೆ.

"ಈ ಚಿಪ್ಪಲ್ಲಿ ಕೆಲವು ಕಡೆ, ಕಾದಾಗ ಪಕ್ಕದ ಮನೆದು ಸೋರಿ ಬಂದು, ಆ ಮೂರನೇ ಮನೆ ಖಾಲಿ ಉಳೀತಾನೇ ಇಲ್ಲ. ಏನು ಇಟ್ರೂ ತುಂಬಿದೆ ಅಂತಲೇ ಹೇಳತ್ತೆ. ಹೇಳಿ ಆಂಟಿ, ಯಾವತ್ತಾದ್ರೂ ಬ ಹೋಗಿ ನ ಆಗಿತ್ತಾ? ಮ ಹೋಗಿ ಪ?"

ಯೋಚಿಸಿದೆ. ಮೇಡಂ ಹೇಳಿದ್ದು, ನಾನು ಕಂಡದ್ದು, ಒಂದೊಂದಾಗಿ ನೆನೆಸಿಕೊಂಡೆ. ಬಾಳೆ ಯಾವತ್ತೂ ನಾಳೆಯಾಗಿರಲಿಲ್ಲ.

"ಇಲ್ಲ" ಅಂದೆ.

"ಮನುಷ್ಯರ ಮರೆವಾದ್ರೆ ಎರಡೂ ಕಡೆ ಆಗ್ಬೇಕಲ್ವಾ?"

ಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ಅವರು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಹಾಕಿ ಮತ್ತೆ ಪರೀಕ್ಷೆ ಓಡಿಸಿದರು. ಒಂದು ಪಟ್ಟಿ ಸಂಜೆಯವರೆಗೂ ಶುದ್ಧವಾಗಿತ್ತು. ಇನ್ನೊಂದು ಹಾಕಿದೊಡನೆ ಕೆಂಪು. ಕೆಟ್ಟದ್ದನ್ನು ಒಂದು ಕವರಿನಲ್ಲಿ ಹಾಕಿ ಮೇಜಿನ ಮೇಲಿಟ್ಟರು. ನಾನು ಅದನ್ನು ಕೋಣೆಯಿಂದ ಆಚೆಗೆ ತೆಗೆದುಕೊಂಡು ಹೋಗಿ ಎಂದೆ. ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ಯಜಮಾನರು ಬಂದ ಮೇಲೆ ಹೇಳಿದೆ. ಚೌಕಗಳ ಕಾಗದವನ್ನೂ ತೋರಿಸಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅರ್ಥವಾಯಿತೋ ಇಲ್ಲವೋ, ಸೀದಾ ಅಡುಗೆಮನೆಗೆ ಹೋದರು. ಸಿಲಿಂಡರಿನ ಹತ್ತಿರ ಬಗ್ಗಿ ಏನೋ ತಿರುಗಿಸಿದ ಸದ್ದಾಯಿತು.

"ಏನ್ ಮಾಡ್ತಿದೀರ?"

"ಏನಿಲ್ಲ. ಆನ್ ಮಾಡ್ದೆ. ದಿನಾ ಮನೆಯಿಂದ ಆಚೆ ಓಗೋವಾಗೆಲ್ಲ ರೆಗ್ಯುಲೇಟರ್ ಆಫ್ ಮಾಡಿ ಓಗ್ತಿದ್ದೆ. ನೀನು ಮರ್ತು ಗ್ಯಾಸ್ ಬಿಟ್ಬಿಟ್ರೆ ಅಂತ."

ಈ ತಿಂಗಳೆಲ್ಲ ಬೆಳಿಗ್ಗೆ ಹತ್ತರ ಕಾಫಿಗೆ ಒಲೆ ಹಚ್ಚಿದರೆ ಹತ್ತುತ್ತಿರಲಿಲ್ಲ. ರೆಗ್ಯುಲೇಟರ್ ನಾನೇ ಆರಿಸಿ ಮರೆತಿದ್ದೇನೆ ಅಂದುಕೊಂಡು, ಆ ಮರೆವನ್ನೂ ನನ್ನ ಲೆಕ್ಕಕ್ಕೆ ಸೇರಿಸಿಕೊಂಡು ಹೆದರಿದ್ದೆ. ಅವರಿಗೆ ಅದನ್ನು ಹೇಳಿದೆ.

"ಅದನ್ನ ನಂಗ್ಯಾಕೆ ಏಳ್ಲಿಲ್ಲ ನೀನು" ಅಂದರು.

"ನೀವೂ ಹೇಳ್ಲಿಲ್ಲವಲ್ಲ" ಅಂದೆ.

ಸ್ಕ್ಯಾನು ಬೇಡ ಅನ್ನಿಸಿತ್ತು ನನಗೆ. ಲೆಕ್ಚರರ್ ಬಿಡಲಿಲ್ಲ, ಹೆದರಿಕೆ ಪೂರ್ತಿ ಹೋಗಬೇಕಾದರೆ ಮಾಡಿಸಿಬಿಡಿ ಅಂದರು. ಹೋದೆ. ಕೊಳವೆಯೊಳಗೆ ಮಲಗಿ ಕಿವಿಯ ಪಕ್ಕ ಆ ಬಡಿತ ಕೇಳುವಾಗ ಮತ್ತೆ ಅದೇ ಭಯ ಬಂತು. ಯಂತ್ರ ಕೆಟ್ಟಿದ್ದಕ್ಕೆ ಸಾಕ್ಷಿ ಸಿಕ್ಕಿದೆ, ನಾನು ಕೆಟ್ಟಿಲ್ಲ ಅನ್ನುವುದಕ್ಕೆ ಇನ್ನೂ ಸಿಕ್ಕಿಲ್ಲ ಅಂತ ಒಳಗೊಂದು ಧ್ವನಿ ಹೇಳುತ್ತಲೇ ಇತ್ತು. ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, "ಸದ್ಯಕ್ಕೆ ಹೆದರುವಂಥದ್ದೇನೂ ಇಲ್ಲ" ಅಂದರು. ಸದ್ಯಕ್ಕೆ ಅನ್ನುವುದು ನನ್ನ ಕಿವಿಗೆ ಬಿತ್ತು. ಯಜಮಾನರಿಗೆ ಏನೂ ಇಲ್ಲ ಅನ್ನುವುದಷ್ಟೇ ಬಿತ್ತು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಅವರು ಎರಡು ಮಸಾಲೆ ದೋಸೆ ತಿಂದರು.

ಪ್ರಕಾಶನದ ಮೇಡಂಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ.  "ಮುಂದಿನ ಪುಸ್ತಕ ಬೇರೆಯವರಿಗೆ ಕೊಡೋಣ ಅಂತಿದ್ವಿ ಕಣ್ರೀ. ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ದೆ ದಿನ ತಳ್ತಿದ್ದೆ" ಅಂದರು. ಅವರು ಕೂಡ ನನ್ನ ಬಗ್ಗೆ ಅದನ್ನೇ ಅಂದುಕೊಂಡಿದ್ದರು. ಇನ್ನೂ ಯಾರು ಯಾರು ಅಂದುಕೊಂಡಿದ್ದರೋ.

ಹೊಸ ಪಟ್ಟಿ ಹಾಕಿಸಿದ ಮೇಲೂ ಕೆಲಸ ಮುಗಿದಿರಲಿಲ್ಲ. ಆ ಕೆಟ್ಟ ಮೆಮೊರಿಯ ಮೂಲಕ ಇಡೀ ಕಾದಂಬರಿ ಹಾದುಹೋಗಿತ್ತು, ಎಲ್ಲೆಲ್ಲಿ ಏನಾಗಿದೆ ಅಂತ ಯಂತ್ರಕ್ಕೂ ಗೊತ್ತಿಲ್ಲ. ಕೈಬರಹದ ಪ್ರತಿಯನ್ನು ಒಬ್ಬರು ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಯಜಮಾನರು ತಾವೇ ಓದ್ತೀನಿ ಅಂದರು. ಪೇಪರಿನ ದೊಡ್ಡಕ್ಷರ ಬಿಟ್ಟು ಬೇರೇನೂ ಓದಿದವರಲ್ಲ. ಕೆಲಸಕ್ಕೆ ಹೋಗುವ ಮೊದಲು ಬೆಳಿಗ್ಗೆ ಬೆಳಿಗ್ಗೆ ಕೋಣೆಗೆ ಸ್ಟೂಲು ಹಾಕಿಕೊಂಡು ಕೂತು, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಒಂದೊಂದೇ ಮಾತನ್ನು ಇಟ್ಟಿಗೆ ಜೋಡಿಸುವ ಹಾಗೆ ಓದುತ್ತಿದ್ದರು. ಹುಡುಗ ಹುಡುಗಿಯ ಮಾತು ಬಂದರೆ ಬೇಗ ಬೇಗ ಓದಿ ದಾಟಿಸುತ್ತಿದ್ದರು. ನಾನು ತಡೆದು, ನಿಧಾನ ಅನ್ನುತ್ತಿದ್ದೆ.

ಮೂರನೇ ಮನೆಯ ತಪ್ಪುಗಳು ಪುಟಪುಟದಲ್ಲೂ ಸಿಕ್ಕವು. ಈಗ ಅವುಗಳನ್ನು ಕಂಡರೆ ಗುರುತು ಹಿಡಿಯುತ್ತಿದ್ದೆ. ಆದರೆ ಒಂದು ಬೆಳಿಗ್ಗೆ ಅವರು "ಬಾಗಿಲು ತೆಗೆದಳು" ಅಂತ ಓದಿದಾಗ ಪರದೆಯ ಮೇಲೆ "ಕಿಟಕಿ ತೆಗೆದಳು" ಅಂತಿತ್ತು. ಯಾವ ಮನೆ ತುಂಬಿದರೂ ಬಾಗಿಲು ಕಿಟಕಿಯಾಗುವುದಿಲ್ಲ. ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಅವರು ಓದುವುದನ್ನು ನಿಲ್ಲಿಸಿ ಪರದೆಯ ಕಡೆ ಬಗ್ಗಿದರು.

"ಇದು ಮಿಷಿನ್ದಾ, ನಿಂದಾ?"

"ನಂದು" ಅಂದೆ.

ನನ್ನ ಮುಖವನ್ನು ಒಂದು ಸಲ ನೋಡಿದರು. "ಸರಿ, ತಿದ್ದು" ಅಂದು, ಸಾಲಿನ ಮೇಲಿಟ್ಟಿದ್ದ ಬೆರಳನ್ನು ಮುಂದಕ್ಕೆ ಸರಿಸಿ ಓದತೊಡಗಿದರು.